ಉಷ್ಣದ ಮೈಯವರು

ಒಂದು ಚಮಚ ಸಬ್ಜಾ ಬೀಜವನ್ನು ಸ್ಟೀಲ್ ಲೋಟದ ನೀರಿಗೆ ಹಾಕಿದರೆ ಕಾಲು ಗಂಟೆಯೊಳಗೆ ಒಂದೊಂದು ಕರಿ ಕಾಳಿನ ಸುತ್ತಲೂ ಬೂದು ಬಣ್ಣದ ಲೋಳೆ ಕಟ್ಟುತ್ತದೆ. ಹಾಗೇ ಬಿಟ್ಟರೆ ತಳದಲ್ಲಿ ಮುದ್ದೆಯಾಗುತ್ತದೆ, ಆದ್ದರಿಂದ ನಡುವೆ ಎರಡು ಸಲ ಚಮಚ ಆಡಿಸಬೇಕು. ಮೇಲೆ ಒಂದು ಚೂರು ಕಲ್ಲುಸಕ್ಕರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೂತು ಕುಡಿಯಬೇಕು, ನಿಂತು ಕುಡಿಯಬಾರದು.

ಇದು ನಮ್ಮ ಮನೆಯ ಔಷಧಿಯಾಗಿತ್ತು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನಮ್ಮನ್ನು ಉಷ್ಣದ ಮೈಯವರು ಅನ್ನುತ್ತಿದ್ದರು. ಮೂವತ್ತರ ಆಸುಪಾಸಿನಲ್ಲಿ ನಮ್ಮವರಿಗೆ ಕಕ್ಕಸಿನಲ್ಲಿ ರಕ್ತ ಬೀಳುತ್ತದೆ, ಅದು ಮೈಯ ಕಾವು, ತಂಪು ಮಾಡಿಕೊಂಡರೆ ತಗ್ಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರಲ್ಲಿ ನಾಚಿಕೆ ಇರಲಿಲ್ಲ. ಇಡೀ ಮನೆತನಕ್ಕೆ ಒಂದೇ ತರಹದ ಮೂಗು ಇರುವ ಹಾಗೆ ಇದೂ ಒಂದು ಗುರುತು ಅಷ್ಟೆ. ಅಪ್ಪ ಬಟ್ಟೆ ಅಂಗಡಿಯ ಗಾದಿಯ ಮೇಲೆ ಟವೆಲ್ ಮಡಚಿ ಹಾಕಿಕೊಂಡು ಕೂಡುತ್ತಿದ್ದರು. ಘಾಟಬೋರಾಳದಿಂದ ಒಬ್ಬರು ವೈದ್ಯರು ತಿಂಗಳಿಗೊಮ್ಮೆ ಪುಡಿ ಕಟ್ಟಿ ಕಳಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ, ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ, ಅಪ್ಪನ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ಕಾಮಾಲೆ ಅಂದರು. ಅಪ್ಪ ಹೋದಾಗ ಅವರಿಗೆ ನಲವತ್ತನಾಲ್ಕು.

ನಾನು ಗುಲಬರ್ಗಾದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ನಮ್ಮೂರಿನ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಇಪ್ಪತ್ತೈದನೆಯ ವರ್ಷದಲ್ಲಿ ನನಗೂ ರಕ್ತ ಕಂಡಿತು. ಜೀವಕೋಶ ಹೇಗೆ ಎರಡಾಗುತ್ತದೆ ಎಂದು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಬಂದವಳು ಮನೆಯಲ್ಲಿ ಸಬ್ಜಾ ನೆನೆಹಾಕಿದೆ. ಹದಿನಾಲ್ಕು ತಿಂಗಳು ಕುಡಿದೆ. ಇಷ್ಟು ಓದಿದವಳು ಹೀಗೆ ಮಾಡಿದಿರಾ ಎಂದು ಆಮೇಲೆ ಅನೇಕ ವೈದ್ಯರು ಕೇಳಿದ್ದಾರೆ. ನಾನು ಯೋಚಿಸಿದ್ದೇನೆ. ಹೆಸರಿಲ್ಲದ ಕಾಯಿಲೆಯಾಗಿದ್ದರೆ ಮೊದಲ ವಾರವೇ ಹೆದರಿ ಓಡುತ್ತಿದ್ದೆ. ಇದಕ್ಕೆ ನಾನು ಹುಟ್ಟುವ ಮೊದಲೇ ಒಂದು ಹೆಸರು ಸಿದ್ಧವಾಗಿತ್ತು. ಹೆಸರು ಇದ್ದ ಮೇಲೆ ಕೇಳುವುದೇನು ಅನ್ನಿಸಿತು.

ಒಂದು ದಿನ ಪಾಠದ ನಡುವೆ ಹೊಟ್ಟೆ ಹಿಂಡಿ ಕುಸಿದೆ. ಗುಲಬರ್ಗಾದ ಆಸ್ಪತ್ರೆಯವರು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಕೆಳಗಿನಿಂದ ಕೊಳವೆಯ ದುರ್ಬೀನು ಹಾಕಿ ನೋಡಿದರೆ ಅದು ಒಂದು ಗೇಣಿಗಿಂತ ಮುಂದೆ ಹೋಗಲಿಲ್ಲ. ಗಡ್ಡೆ ದಾರಿಯನ್ನೇ ಮುಚ್ಚಿತ್ತು.

ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸಿಮೆಂಟಿನ ಉದ್ದನೆಯ ಕಟ್ಟೆಗಳಿದ್ದವು. ನಮ್ಮ ಕಡೆಯವರು ಮಾತಿನಿಂದಲೇ ಗೊತ್ತಾಗುತ್ತಿದ್ದರು. ಚಿಟಗುಪ್ಪದ ಒಬ್ಬ ಹೆಂಗಸು ಗಂಡನನ್ನು ಕರೆದುಕೊಂಡು ಬಂದಿದ್ದಳು. ಅವಳು ನನ್ನ ಪಕ್ಕ ಕೂತು, ಮುಖ ನೋಡಿ, ಸೀದಾ ಕೇಳಿದಳು.

“ನಿನಗ ಎಲ್ಲಿ ಅದ?”

“ಹೊಟ್ಟ್ಯಾಗ್ರಿ.”

“ನಮ್ಮವರಿಗಿ ಗಂಟಲದಾಗ. ಹದಿನೆಂಟು ವರ್ಷ ದಿನಾ ಬೈದಾರ ನನಗ. ಈಗ ದನಿನೇ ಹೋಗ್ಯದ. ಮನಿ ಬಣಬಣ ಅನ್ನಾಕತ್ತದವ್ವ.”

ಗಂಡ ಪಕ್ಕದಲ್ಲೇ ಇದ್ದ. ಅವನು ಕೈಯಿಂದ ಅವಳ ತಲೆಯ ಮೇಲೆ ಮೊಟಕುವ ಹಾಗೆ ಮಾಡಿದ, ಮೂವರೂ ನಕ್ಕೆವು. ನನಗೆ ಏನೂ ತಿನ್ನುವ ಹಾಗಿರಲಿಲ್ಲ. ಅವಳು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ನನ್ನ ಜೊತೆ ಬಂದಿದ್ದ ಅವ್ವನಿಗೆ ತಿನ್ನಿಸಿದಳು. ಎಲ್ಲಿ ಅದ ಎಂದು ನನ್ನನ್ನು ನೇರವಾಗಿ ಕೇಳಿದ ಮೊದಲನೆಯವಳು ಅವಳೇ. ಅಲ್ಲಿಯವರೆಗೆ ಎಲ್ಲರೂ ಅವ್ವನನ್ನು ಕೇಳುತ್ತಿದ್ದರು, ಅವ್ವ ನೆಲ ನೋಡುತ್ತಿದ್ದಳು.

ಒಳಗೆ ಶಸ್ತ್ರಚಿಕಿತ್ಸೆಯ ವೈದ್ಯರು ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರು. ಅಂಥಾದ್ದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂದು ಅವ್ವ ಹೇಳಿದಳು. ನಾನೂ ತಲೆ ಆಡಿಸಿದೆ. ನಾವಿಬ್ಬರೂ ಸುಳ್ಳು ಹೇಳಿರಲಿಲ್ಲ. ಅವರು ಚೀಟಿಯ ಮೇಲೆ ‘ಇಲ್ಲ’ ಎಂದು ಬರೆದುಕೊಂಡರು.

ಗಡ್ಡೆ ಇದ್ದ ಭಾಗವನ್ನು ಕತ್ತರಿಸಿ ತೆಗೆದರು. ಹತ್ತು ದಿನದ ಮೇಲೆ ಹೊಲಿಗೆ ಬಿಚ್ಚುವ ದಿನ, ತೆಗೆದ ಭಾಗವನ್ನು ಪರೀಕ್ಷಿಸಿದ ವೈದ್ಯೆ ನನ್ನನ್ನು ನೋಡಬೇಕೆಂದರು. ಐವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ನಾನು ಪ್ರಾಣಿಶಾಸ್ತ್ರ ಓದಿದವಳೆಂದು ಕಾಗದದಲ್ಲಿ ನೋಡಿದ್ದರು. ಸ್ಟೂಲಿನ ಮೇಲೆ ದಿಂಬು ಹಾಕಿ ಕೂರಿಸಿ, ಮೈಕ್ರೋಸ್ಕೋಪನ್ನು ನನ್ನ ಎತ್ತರಕ್ಕೆ ತಗ್ಗಿಸಿ, ನಿನ್ನದೇ ನೋಡು ಅಂದರು.

ಮೊದಲು ಗಡ್ಡೆ ತೋರಿಸಿದರು. ಆಮೇಲೆ ಗಾಜನ್ನು ಸರಿಸಿ, ಗಡ್ಡೆಯಿಂದ ದೂರದ, ಬರಿಗಣ್ಣಿಗೆ ಚೆನ್ನಾಗಿಯೇ ಕಾಣುವ ಗೋಡೆ ತೋರಿಸಿದರು. ಕರುಳಿನ ಒಳಗೋಡೆಯ ತುಂಬ ಸಣ್ಣ ಕುಳಿಗಳಿರುತ್ತವೆ, ಪ್ರತಿ ಕುಳಿಯ ತಳದಲ್ಲಿ ಕೆಲವು ಕಾಂಡಕೋಶಗಳು. ಅವು ಹೆತ್ತ ಕೋಶಗಳು ಮೇಲೇರಿ ಕೆಲವೇ ದಿನಗಳಲ್ಲಿ ಉದುರಿಹೋಗುತ್ತವೆ, ಗೋಡೆ ಹೊಸದಾಗುತ್ತಲೇ ಇರುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿರದಿದ್ದದ್ದನ್ನು ಅವರು ಹೇಳಿದರು. ಕಾಂಡಕೋಶ ತನ್ನಷ್ಟಕ್ಕೆ ತಾನೇ ಕಾಂಡಕೋಶವಾಗಿ ಉಳಿಯುವುದಿಲ್ಲ. ತಳದಲ್ಲಿ ಅದನ್ನು ಸುತ್ತುವರಿದ ಅಂಗಾಂಶ ‘ಇನ್ನೂ ಹೆರು’ ಎಂದು ಹೇಳುತ್ತಿರುತ್ತದೆ. ಮೇಲೇರಿದ ಹಾಗೆ ಆ ಮಾತು ಕ್ಷೀಣಿಸುತ್ತದೆ, ಕೋಶ ನಿಲ್ಲುತ್ತದೆ. ನಿನ್ನ ಮೈಯ ಪ್ರತಿಯೊಂದು ಕೋಶದಲ್ಲೂ, ಆ ನಿಲ್ಲುವುದನ್ನು ನೋಡಿಕೊಳ್ಳುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಹುಟ್ಟುವಾಗಲೇ ಕೆಟ್ಟಿರಬೇಕು; ಉಳಿದದ್ದೂ ಕುಳಿಯ ತಳದ ಒಂದು ಕೋಶದಲ್ಲಿ ಕೆಟ್ಟರೆ, ಯಾರೂ ಹೇಳದಿದ್ದರೂ ಅದು ಹೆರುತ್ತಲೇ ಹೋಗುತ್ತದೆ ಅಂದರು. ಆ ಚೆನ್ನಾಗಿ ಕಾಣುವ ಗೋಡೆಯಲ್ಲಿ ಅಂಥ ಕುಳಿಗಳನ್ನು ಒಂದೊಂದಾಗಿ ತೋರಿಸಿದರು. ಏಳು ಎಣಿಸಿದೆ, ಎಣಿಸುವುದನ್ನು ನಿಲ್ಲಿಸಿದೆ.

ಹಾಗಾದರೆ ಸುತ್ತಲಿನದು ಏನು ಮಾಡುತ್ತದೆ ಎಂದು ಕೇಳಿದೆ. ಅದೂ ಸುಮ್ಮನಿರುವುದಿಲ್ಲ ಅಂದರು. ಕೆಟ್ಟ ಕೋಶ ಎಲ್ಲ ಕಡೆ ಗಡ್ಡೆಯಾಗುವುದಿಲ್ಲ. ಸುತ್ತಲಿನ ಅಂಗಾಂಶ ಕೆಲವನ್ನು ಅಡಗಿಸುತ್ತದೆ, ಕೆಲವಕ್ಕೆ ಒತ್ತಾಸೆಯಾಗುತ್ತದೆ. ಗಡ್ಡೆ ಬೆಳೆದ ಮೇಲೆ ಅದು ಸುತ್ತಲಿನದನ್ನು ತನಗೆ ಬೇಕಾದ ಹಾಗೆ ಬದಲಿಸಿಕೊಳ್ಳುತ್ತದೆ. ಯಾವುದು ಎಷ್ಟು ಎಂದು ನಮಗೂ ಪೂರ್ತಿ ಗೊತ್ತಿಲ್ಲ, ಕೆಲಸ ನಡೆದಿದೆ ಅಂದರು. ‘ಗೊತ್ತಿಲ್ಲ’ ಎಂದು ಒಬ್ಬ ವೈದ್ಯರ ಬಾಯಿಂದ ಕೇಳಿ ನನಗೆ ಸಮಾಧಾನವಾಯಿತು. ಕೊನೆಗೆ ಅವರು ಒಂದು ಖಾಲಿ ಹಾಳೆ ಕೊಟ್ಟರು. ಅಜ್ಜನಿಂದ ಶುರು ಮಾಡಿ ಯಾರು ಯಾವ ವಯಸ್ಸಿನಲ್ಲಿ ಹೇಗೆ ತೀರಿಕೊಂಡರು ಎಂದು ಬರೆದು ತಾ, ತಂಗಿ ಇದ್ದರೆ ಅವಳಿಗೆ ದುರ್ಬೀನು ಹಾಕಿಸಲೇಬೇಕು ಅಂದರು.

ಊರಿಗೆ ಬಂದ ಮೇಲೆ ಅವ್ವನಿಗೆ ಇದನ್ನು ಹೇಳುವಾಗ ಒಂದು ತಪ್ಪು ಮಾಡಿದೆ. ತಿಳಿಯಲಿ ಎಂದು ಬೀಜ ಮತ್ತು ನೆಲದ ಹೋಲಿಕೆ ಕೊಟ್ಟೆ. ಬೀಜ ಮೊದಲೇ ಕೆಟ್ಟಿರುತ್ತದೆ, ನೆಲವೂ ಅದಕ್ಕೆ ಸಹಾಯ ಮಾಡುತ್ತದೆ ಅಂದೆ. ಅವ್ವನ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಲಗ್ನದ ಮಾತಿನಲ್ಲಿ ಬೀಜ ಅಂದರೆ ಗಂಡು, ನೆಲ ಅಂದರೆ ಹೆಣ್ಣು. “ಅಂದ್ರ ನನ್ನ ಹೊಟ್ಟೀದೂ ತಪ್ಪದ ಅಂತಿ” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದಳು. ಅಂದಿನಿಂದ ನಾನು ಈ ಕಾಯಿಲೆಗೆ ಹೋಲಿಕೆ ಕೊಡುವುದನ್ನು ಬಿಟ್ಟಿದ್ದೇನೆ.

ಆರು ತಿಂಗಳು, ತಿಂಗಳಿಗೆ ಐದು ದಿನ, ಔಷಧಿಯ ಸೂಜಿ. ಬಾಯಿ ಹುಣ್ಣಾಗಿ ನೀರು ಕೂಡ ಚುಚ್ಚುತ್ತಿತ್ತು. ಆಮೇಲೆ ಎರಡನೇ ಆಪರೇಷನ್. ದೊಡ್ಡ ಕರುಳಿನಲ್ಲಿ ಉಳಿದದ್ದನ್ನೆಲ್ಲ ತೆಗೆದು, ಸಣ್ಣ ಕರುಳಿನ ತುದಿಯನ್ನು ಕೆಳಗೆ ಜೋಡಿಸಿದರು. ದಿನಕ್ಕೆ ಐದಾರು ಸಲ, ಕೆಲವೊಮ್ಮೆ ಹೆಚ್ಚು, ಎದ್ದು ಹೋಗಬೇಕಾಗುತ್ತದೆ. ಇಂದಿಗೂ ಹಾಗೇ ಇದೆ, ರೂಢಿಯಾಗಿದೆ. ಕಾಲೇಜಿನಲ್ಲಿ ಹೆಂಗಸರ ಕಕ್ಕಸಿಗೆ ಬೀಗ ಇರುತ್ತಿತ್ತು, ಕೀಲಿ ಜವಾನೆ ಖಾಜಾಬಿಯ ಹತ್ತಿರ. ನಾನು ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಎರಡು ಸಲ ಕೀಲಿ ಕೇಳಿದೆ. ಮರುದಿನ ಅವಳು ಹಾಜರಿ ಪುಸ್ತಕದ ಜೊತೆಗೆ ನನ್ನ ಮೇಜಿನ ಮೇಲೆ ಹೊಸದಾಗಿ ಮಾಡಿಸಿದ ಇನ್ನೊಂದು ಕೀಲಿ ಇಟ್ಟು ಹೋದಳು. ಆ ವರ್ಷ ನನಗೆ ಸಿಕ್ಕ ಉಪಕಾರಗಳಲ್ಲಿ ಅದು ದೊಡ್ಡದು.

ನನಗೆ ಕರುಳು ಸುತ್ತಿಕೊಂಡಿತ್ತು, ಆಪರೇಷನ್ ಆಯಿತು ಎಂದು ಅವ್ವ ಊರಿನಲ್ಲಿ ಎಲ್ಲರಿಗೂ ಹೇಳಿದ್ದಳು. ಅದಕ್ಕೆ ಕಾರಣವಿತ್ತು. ನನ್ನ ತಂಗಿ ಸವಿತಾಳನ್ನು ಹುಮನಾಬಾದಿನ ಸ್ವಾದರತ್ತಿಯ, ಅಂದರೆ ಅಪ್ಪನ ತಂಗಿಯ, ಮಗ ಶಿವುವಿಗೆ ಕೊಡುವ ಮಾತು ನಡೆದಿತ್ತು. ಅತ್ತಿಯ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ, ಸವಿತಾ ಹುಟ್ಟಿದ ದಿನವೇ ಅತ್ತಿ ಅವಳನ್ನು ತನ್ನ ಸೊಸೆ ಅಂದಿದ್ದಳು. ಸವಿತಾಳಿಗೂ ಅವನು ಇಷ್ಟ. ಕಾಯಿಲೆಯ ಹೆಸರು ಹೊರಗೆ ಬಂದರೆ ಮಾತು ಮುರಿಯುತ್ತದೆ ಎಂಬುದು ಅವ್ವನ ಹೆದರಿಕೆ. ಸವಿತಾಳ ಪರೀಕ್ಷೆ ಲಗ್ನವಾದ ಮೇಲೆ ಅನ್ನುತ್ತಿದ್ದಳು. ಸವಿತಾಳೂ ಹಾಗೇ.

“ಅಕ್ಕ, ನಿನ್ನ ಹೊಟ್ಟಿ ಕೊಯ್ಸಿಕೊಂಡಿದ್ದು ಸಾಕಾಗಿಲ್ಲೇನು, ಈಗ ನನ್ನ ಹೊಟ್ಟಿಗಿ ಬಂದಿ?” ಎಂದು ನಕ್ಕು ಜಾರಿಕೊಳ್ಳುತ್ತಿದ್ದಳು.

ಎಂಟು ತಿಂಗಳು ನಾನೂ ಸುಮ್ಮನಿದ್ದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದು ಉಪಯೋಗವಿಲ್ಲ. ವೈದ್ಯೆ ಕೊಟ್ಟ ಹಾಳೆಯಲ್ಲಿ ನಾನು ಬರೆದದ್ದು ಅಪ್ಪನ ಹೆಸರು ಒಂದೇ, ಎದುರಿಗೆ ಕಾಮಾಲೆ. ಒಂದು ದಿನ ಯಕೃತ್ತಿನ ಪಾಠ ಮಾಡುತ್ತಿದ್ದಾಗ, ಬೇರೆ ಕಡೆಯಿಂದ ಹರಡಿದ ಗಡ್ಡೆಯಿಂದಲೂ ಕಾಮಾಲೆ ಬರಬಹುದು ಎಂದು ನನ್ನ ಬಾಯಿಂದಲೇ ಹೇಳಿದೆ. ಹೇಳಿ ಅಲ್ಲೇ ನಿಂತೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಯಾರಿಗೆ ಕ್ಯಾನ್ಸರ್ ಇತ್ತು ಎಂಬುದು ನಮ್ಮವರನ್ನು ಕೇಳಬೇಕಾದ ಪ್ರಶ್ನೆಯೇ ಆಗಿರಲಿಲ್ಲ. ಉಷ್ಣ ಯಾರಿಗಿತ್ತು ಎಂದು ಕೇಳಬೇಕಿತ್ತು.

ಭಾನುವಾರ ಅವ್ವನಿಗೆ ಹೇಳದೆ ಹುಮನಾಬಾದಿಗೆ ಹೋದೆ. ಶಿವು ಹೆದ್ದಾರಿಯ ಬದಿಗೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ, ಮನೆ ಅದರ ಹಿಂದೆ. ತಾಮ್ರದ ತಂತಿ ಸುತ್ತುತ್ತಲೇ “ಬರ್ರಿ ಮೇಡಂ, ನಮ್ಮ ಪರೀಕ್ಷಾ ತಗೋಳಾಕ ಬಂದೀರೇನು?” ಅಂದ. ನನಗಿಂತ ಎರಡು ವರ್ಷ ಸಣ್ಣವನು, ನಾನು ಕೆಲಸಕ್ಕೆ ಸೇರಿದಾಗಿನಿಂದ ಮೇಡಂ ಎಂದೇ ಕರೆಯುತ್ತಿದ್ದ.

ಅತ್ತಿ ಚಹಾ ಕೊಟ್ಟಳು. ನಾನು ಹಾಳೆ ತೆಗೆದು, ನಮ್ಮ ಮನೆಯಲ್ಲಿ ಉಷ್ಣ ಯಾರ್ಯಾರಿಗಿತ್ತು ಎಂದು ಕೇಳಿದೆ. ತವರಿನ ಮಾತು ಅಂದರೆ ಅವಳಿಗೆ ಹುರುಪು.

“ಯಾರಿಗಿದ್ದಿಲ್ಲ ಕೇಳು. ನಮ್ಮಪ್ಪಗ ಇತ್ತು, ಖಾರ ಬಿಟ್ಟು ಬರೇ ಮಜ್ಜಿಗಿ ಮ್ಯಾಲ ಇದ್ದ. ನಿಮ್ಮಪ್ಪಗ. ನಿಮ್ಮ ಕಾಕಾಗಂತೂ ಲಗ್ನಕ್ಕಿಂತ ಮದಲೇ ಸುರು ಆಗಿತ್ತು. ನನಗೂ ಅದ, ಆದ್ರ ನಾ ಪಥ್ಯ ಬಿಡಂಗಿಲ್ಲ.”

ನಾನು ಹೆಸರು ಬರೆದೆ, ವಯಸ್ಸು ಕೇಳಿದೆ, ಹೇಗೆ ಹೋದರು ಎಂದು ಕೇಳಿದೆ. ಅಜ್ಜ ನಲವತ್ತೇಳು, ಹೊಟ್ಟೆಯಲ್ಲಿ ಗಂಟು. ಅಪ್ಪ ನಲವತ್ತನಾಲ್ಕು. ಕಾಕಾ, ಅಪ್ಪನ ತಮ್ಮ, ಮೂವತ್ತಾರು, ಅವನದೂ ಕಾಮಾಲೆ. ಅವನು ಹೋದ ಮೇಲೆ ಅವನ ಹೆಂಡತಿ, ನಮ್ಮ ಚಿಗವ್ವ, ಮಗಳು ಮಗನನ್ನು ಕರೆದುಕೊಂಡು ತನ್ನ ತವರು ಮುಡಬಿಗೆ ಹೋಗಿದ್ದಳು, ನಮಗೆ ಹೋಗಿ ಬರುವುದು ತಪ್ಪಿತ್ತು. ಕೊನೆಗೆ ನನ್ನ ಹೆಸರು ಬರೆದು, ನನ್ನ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಹೇಳಿ, ಹಾಳೆಯನ್ನು ಅತ್ತಿಯ ಕಡೆ ತಿರುಗಿಸಿದೆ. ಇದೆಲ್ಲ ಅದೇ, ಅತ್ತಿ, ಅಂದೆ.

ಅತ್ತಿ ಹಾಳೆ ಮುಟ್ಟಲಿಲ್ಲ. “ಇದು ಉಷ್ಣದ ಪಟ್ಟಿ ಅದ. ನೀ ಇದಕ್ಕ ಹೊಲಸು ಹೆಸರು ಇಡಾಕತ್ತಿ. ನನ್ನ ತವರಿಗಿ ಅಂಥಾ ಹೆಸರು ಇಡಾಕ ನೀ ಯಾರು?”

ನಾನೂ ಅದೇ ಮನೆಯವಳು ಅಂದೆ. ಅವಳು ಎದ್ದು ನಿಂತಳು. ನಾನೂ ಎದ್ದು ಹೋಗಬೇಕಿತ್ತೇನೋ. ಆಗ ಶಿವು ಬಾಗಿಲಲ್ಲಿ ನಿಂತಿದ್ದು ನೋಡಿದೆ. ಎಷ್ಟು ಹೊತ್ತಿನಿಂದ ಇದ್ದನೋ. ಕೈಯಲ್ಲಿ ಇನ್ನೂ ಇಕ್ಕಳ ಇತ್ತು.

“ಅವ್ವಾ,” ಅಂದ, “ಮೇಡಂ ಬರೆದದ್ದರಾಗ ನನ್ನ ಹೆಸರು ಬಿಟ್ಟದ. ಎರಡು ವರ್ಷ ಆಯ್ತು. ನಿನಗ ಹೇಳಿಲ್ಲ.”

ಅತ್ತಿ ಕೂತಳು. ಆಮೇಲೆ, ಹಾಳೆ ಇಲ್ಲಿ ಕೊಡು, ಅಂದಳು.

ಹದಿನೈದು ದಿನದ ಮೇಲೆ ನಾವು ಐದು ಜನ ಹೈದರಾಬಾದಿಗೆ ಹೋದೆವು. ಶಿವು ಹೋಗುತ್ತಾನೆ ಎಂದು ತಿಳಿದ ಮೇಲೆ ಸವಿತಾ ತಾನಾಗಿಯೇ ಹೊರಟಿದ್ದಳು. ಅವ್ವ ನನ್ನ ಮೇಲಿನ ಸಿಟ್ಟಿಗೆ ಬಂದಳು, ಮಗಳನ್ನು ಒಬ್ಬಳೇ ನನ್ನ ಕೈಗೆ ಕೊಡಲು ಮನಸ್ಸಿರಲಿಲ್ಲ. ಹಿಂದಿನ ದಿನದ ಭೇದಿ ಔಷಧಿಯಿಂದ ಪರೀಕ್ಷೆಗೆ ಬಂದ ಮೂವರೂ ಸುಸ್ತಾಗಿದ್ದರು. ಅದೇ ಸಿಮೆಂಟ್ ಕಟ್ಟೆಯ ಮೇಲೆ ಕೂತು ಶಿವು, ಮೇಡಂ ನಮಗ ಊಟ ಹಾಕದಂಗ ಕರಕೊಂಡು ಬಂದಾರ, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಸವಿತಾ ನಕ್ಕಳು. ನಾನು ಅವಳ ಬಳೆ, ಮೂಗುತಿ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಾಗಿಲ ಹೊರಗೆ ನಿಂತೆ.

ಸವಿತಾಳ ಕರುಳಿನಲ್ಲಿ ಏನೂ ಇರಲಿಲ್ಲ, ಕೊನೆಯವರೆಗೂ ನುಣುಪಾಗಿತ್ತು. ಅತ್ತಿಯ ಕರುಳಿನಲ್ಲಿ ಗಂಟುಗಳಿದ್ದವು, ಅವುಗಳಲ್ಲಿ ಒಂದು ಆಗಲೇ ಕೆಡಲು ಶುರುವಾಗಿತ್ತು. ಶಿವುವಿಗೆ ಬಹಳ ಇದ್ದವು, ಯಾವುದೂ ಇನ್ನೂ ಕೆಟ್ಟಿರಲಿಲ್ಲ. ಇಬ್ಬರಿಗೂ ಆಪರೇಷನ್ ಬೇಕು, ಸಮಯಕ್ಕೆ ಬಂದಿದ್ದೀರಿ ಅಂದರು ವೈದ್ಯರು. ಇಬ್ಬರೂ ಈಗ ನನ್ನ ಹಾಗೆಯೇ ದಿನಕ್ಕೆ ಐದಾರು ಸಲ ಎದ್ದು ಹೋಗುತ್ತಾರೆ, ಮತ್ತು ಇದ್ದಾರೆ.

ಆ ದಿನ ಬಸ್ಸಿನಲ್ಲಿ ಊರಿಗೆ ಹೊರಟೆವು. ಹುಮನಾಬಾದಿನಲ್ಲಿ ಅವರಿಬ್ಬರೂ ಇಳಿದರು. ಅತ್ತಿ ಕಿಟಕಿಯ ಹತ್ತಿರ ಬಂದು ಸವಿತಾಳ ಗಲ್ಲ ಮುಟ್ಟಿ ತನ್ನ ಬೆರಳಿಗೆ ಮುತ್ತಿಟ್ಟುಕೊಂಡಳು. ನನ್ನ ಕಡೆ ನೋಡಿ, “ಗಂಗಾ, ಆಪರೇಶನ್ ದಿನ ನೀ ಬರಬೇಕು” ಅಂದಳು. ಆಯಿತು ಅಂದೆ.

ಮನೆಗೆ ಬಂದಾಗ ಇನ್ನೂ ಸಂಜೆಯ ಬೆಳಕಿತ್ತು. ಅವ್ವ ಕಾಲು ತೊಳೆದು ಒಳಗೆ ಬಂದು, ಚೀಲ ಕೆಳಗಿಡುವ ಮೊದಲೇ, ಚಲೋ ಇರುವ ಮಗಳನ್ನು ಆ ಮನೆಗೆ ಕೊಡುವುದಿಲ್ಲ ಅಂದಳು. ಇಷ್ಟು ದಿನ ನನ್ನ ಕಾಯಿಲೆ ಸ್ವಾದರತ್ತಿಗೆ ತಿಳಿದರೆ ಮಾತು ಮುರಿಯುತ್ತದೆ ಎಂದು ಹೆದರಿದವಳು. ಶಿವುವಿಗೆ ಇದೆ, ಸವಿತಾಳಿಗೆ ಇಲ್ಲ, ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು, ಬಂದರೆ ಈಗ ಹುಡುಕುವ ದಾರಿ ಗೊತ್ತಿದೆ ಎಂದು ನಾನು ವಿವರಿಸಲು ಹೋದೆ. ಅವ್ವ ಕೈ ಅಡ್ಡ ಹಿಡಿದಳು. “ಒಂದು ಮಾತು ನೀ ನುಂಗಿದ್ರ ಒಂದು ಮನಿ ನಿಂದರತಿತ್ತು.”

ನುಂಗಿದ್ದರೆ ಶಿವು ಕಾಕಾನ ವಯಸ್ಸಿನಲ್ಲಿ ಹೋಗುತ್ತಿದ್ದ ಎಂದೆ. ಅವ್ವ ಒಲೆಯ ಕಡೆ ತಿರುಗಿದಳು.

ಸವಿತಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಕರವಸ್ತ್ರ ಬಿಚ್ಚಿ ಬಳೆ ಮೂಗುತಿ ಅವಳ ಮುಂದೆ ಇಟ್ಟೆ. ಅವಳು ಅವನ್ನು ಹಾಕಿಕೊಳ್ಳಲಿಲ್ಲ.

“ಅಕ್ಕ, ನನ್ನ ಹೊಟ್ಟಿ ಚಲೋ ಅದ ಅಂತ ಗೊತ್ತಾಗಿ ನನಗ ಏನು ಸಿಕ್ತು, ಹೇಳು.”

ಹೆದರಿಕೆಯಿಲ್ಲದ ವರ್ಷಗಳು ಸಿಕ್ಕವು ಎಂದು ಹೇಳಬಹುದಿತ್ತು. ಆ ಹೊತ್ತಿನಲ್ಲಿ ಅದು ಅವಳಿಗೆ ಬೇಕಾದದ್ದಲ್ಲ. ಅವಳ ಪಕ್ಕದಲ್ಲಿ ಕೂತೆ, ಅವಳು ಸರಿದು ಕೂಡಲಿಲ್ಲ, ಅಷ್ಟೇ. ಅವಳೂ ಶಿವುವೂ ಆಮೇಲೆ ಏನು ತೀರ್ಮಾನಿಸಿದರು ಎಂಬುದು ಅವಳು ಹೇಳಬೇಕಾದದ್ದು, ನಾನು ಬರೆಯುವುದಿಲ್ಲ.

ಅಲ್ಲಿ ಕೂತು ಒಂದು ವಿಷಯ ಲೆಕ್ಕ ಹಾಕಿದೆ. ಇಷ್ಟು ಮುರಿದು ಬೀಳಲು ಬರೀ ಒಂದು ಹಾಳೆ ಸಾಕಾಯಿತು. ಆ ಹಾಳೆಯಲ್ಲಿ ಇನ್ನೂ ಎರಡು ಹೆಸರು ಬರೆದಿರಲಿಲ್ಲ, ಕಾಕಾನ ಮಗಳದು ಮತ್ತು ಮಗನದು. ಮಗಳಿಗೆ ಹತ್ತೊಂಬತ್ತು ಆಗಿರಬೇಕು. ಅವಳಿಗೂ ಯಾರೋ ವರ ನೋಡುತ್ತಿರಬೇಕು. ನಾನು ಹೋಗದಿದ್ದರೆ ಆ ಮನೆಯಲ್ಲಿ ಎಲ್ಲವೂ ಈಗಿರುವ ಹಾಗೇ ಶಾಂತವಾಗಿ ಇರುತ್ತದೆ, ಇನ್ನೂ ಕೆಲವು ವರ್ಷ.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆಯ ಚೀಟಿ ಕಳಿಸಿ, ಏನೂ ತಿನ್ನದೆ, ಏಕೆಂದರೆ ತಿಂದರೆ ನನಗೆ ದಾರಿಯಲ್ಲಿ ಇಳಿಯಬೇಕಾಗುತ್ತದೆ, ಮುಡಬಿಯ ಬಸ್ಸು ಹತ್ತಿದೆ. ಚಿಗವ್ವನ ಮನೆಯನ್ನು ಇಬ್ಬರನ್ನು ಕೇಳಿ ಹುಡುಕಿದೆ. ಅವಳು ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಮೊದಲು ಗುರುತು ಹಿಡಿಯಲಿಲ್ಲ, ಹಿಡಿದ ಮೇಲೆ ಮೊರ ಕೆಳಗಿಟ್ಟು, ಒಳಗ ಬಾ, ಚಹಾ ಮಾಡ್ತೀನಿ, ಎಂದು ಎದ್ದಳು. ಚಹಾ ಆಮೇಲೆ, ಚಿಗವ್ವಾ, ಅಂದೆ. ಮಕ್ಕಳನ್ನು ಹೊರಗೆ ಕರೆಯಲು ಹೇಳಿದೆ. ಇಬ್ಬರೂ ಬಂದು ನಿಂತ ಮೇಲೆ, ಅವರ ಅಪ್ಪ ಯಾವ ಕಾಯಿಲೆಯಿಂದ ಸತ್ತ ಎಂಬುದನ್ನು ಅದರ ಹೆಸರು ಹಿಡಿದು ಹೇಳಿದೆ.